ಕಾಲೇಜಿನ ದೂರು ಕಾರಿಡಾರ್ ದಾಟುವುದೇ ಇಲ್ಲ

ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದಲ್ಲಿ ಸಂಜೆ ನಾಲ್ಕರ ಹೊತ್ತಿಗೆ ನಿಂತು ಡಿಗ್ರಿ ಕಾಲೇಜಿನ ಹುಡುಗ ಹುಡುಗಿಯರ ಮಾತಿಗೆ ಕಿವಿಗೊಟ್ಟವರಿಗೆ ಆ ಕಾಲೇಜಿನ ಸ್ಥಿತಿಗತಿ ತಿಳಿಯಲು ಬೇರೆ ವರದಿ ಬೇಕಾಗುವುದಿಲ್ಲ. ಗಣಿತಕ್ಕೆ ಇನ್ನೂ ಮೇಷ್ಟ್ರು ಬಂದಿಲ್ಲ. ಒಬ್ಬಳು ಪರೀಕ್ಷೆ ಬರೆದಿದ್ದಾಳೆ, ಫಲಿತಾಂಶದಲ್ಲಿ ಮಾತ್ರ ಆ ಪತ್ರಿಕೆಯ ಎದುರು 'ಗೈರುಹಾಜರು' ಎಂದಿದೆ. ಇನ್ನೊಬ್ಬನ ವಿದ್ಯಾರ್ಥಿವೇತನ ಯಾವ ಖಾತೆಗೆ ಹೋಯಿತೋ ಆಫೀಸಿನಲ್ಲಿ ಹೇಳುವವರಿಲ್ಲ. ಲ್ಯಾಬಿನಲ್ಲಿ ಗ್ಯಾಸ್ ಇಲ್ಲ, ಶೌಚಾಲಯದಲ್ಲಿ ನೀರಿಲ್ಲ.

ಈ ಮಾತೆಲ್ಲ ಬಸ್ಸು ಬರುವ ತನಕ. ಮರುದಿನ ಪ್ರಾಂಶುಪಾಲರ ಕೊಠಡಿಯ ಮುಂದೆ ಹಾದುಹೋಗುವಾಗ ಇದೇ ಮಕ್ಕಳು 'ನಮಸ್ಕಾರ ಸರ್' ಎಂದು ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ಪ್ರಾಂಶುಪಾಲರನ್ನು ಕೇಳಿದರೆ, 'ನಮ್ಮಲ್ಲಿ ಅಂಥ ದೂರುಗಳೇನೂ ಇಲ್ಲ' ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ. ದೂರು ಅವರ ಮೇಜಿನ ತನಕ ಬಂದೇ ಇರುವುದಿಲ್ಲ. ಬರುವ ಹೊತ್ತಿಗೆ ಅದು ಕಾಗದದ ರೂಪದಲ್ಲಿ ಬರದೆ, ಗೇಟಿನ ಮುಂದಿನ ಘೋಷಣೆಯ ರೂಪದಲ್ಲಿ ಬಂದಿರುತ್ತದೆ. ಆಗ ಪ್ರಶ್ನೆಯೇ ಬದಲಾಗಿಬಿಡುತ್ತದೆ. 'ಪಾಠ ಏಕೆ ಆಗಲಿಲ್ಲ?' ಎಂಬುದು ಹಿಂದಾಗಿ, 'ಶಿಸ್ತು ಮುರಿದವರು ಯಾರು?' ಎಂಬುದು ಮುಂದಾಗುತ್ತದೆ.

ಬಸ್ ನಿಲ್ದಾಣದಲ್ಲಿ ಹುಟ್ಟಿದ ಮಾತು ಪ್ರಾಂಶುಪಾಲರ ಕೊಠಡಿಗೆ ಏಕೆ ತಲುಪುವುದಿಲ್ಲ? ತಲುಪಿಸಲು ದಾರಿ ಇದೆಯೇ? ಇದು ವಿದ್ಯಾರ್ಥಿಗಳಷ್ಟೇ ಯೋಚಿಸಬೇಕಾದ ವಿಷಯವಲ್ಲ. ಹೊಲ ಅಡವಿಟ್ಟು ಮಗನನ್ನೋ ಮಗಳನ್ನೋ ಓದಿಗೆ ಕಳಿಸಿದ ಮನೆಯವರೂ ತಿಳಿಯಬೇಕಾದದ್ದು.

ಮೇಷ್ಟ್ರು ಬರುವಷ್ಟರಲ್ಲಿ ಪರೀಕ್ಷೆ

ಕರ್ನಾಟಕದಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಾನೂರಕ್ಕೂ ಹೆಚ್ಚು. ಪಟ್ಟಣದ ದೊಡ್ಡ ಖಾಸಗಿ ಕಾಲೇಜಿನ ಶುಲ್ಕ ಕಟ್ಟಲಾಗದವರಿಗೆ, ಅದರಲ್ಲೂ ಊರು ಬಿಟ್ಟು ಹಾಸ್ಟೆಲಿಗೆ ಕಳಿಸಲು ಮನೆಯಲ್ಲಿ ಒಪ್ಪದ ಹೆಣ್ಣುಮಕ್ಕಳಿಗೆ, ಇವೇ ಆಸರೆ. ಹಿಂದೆ ಜಿಲ್ಲೆಗೆ ಒಂದೆರಡು ಇದ್ದ ಡಿಗ್ರಿ ಕಾಲೇಜು ಈಗ ಹೋಬಳಿ ಮಟ್ಟಕ್ಕೂ ಬಂದಿರುವುದು ಸಣ್ಣ ಸಾಧನೆಯೇನಲ್ಲ. ಆದರೆ ಕಟ್ಟಡ ಬಂದಷ್ಟು ಬೇಗ ಕಾಯಂ ಉಪನ್ಯಾಸಕರು ಬರಲಿಲ್ಲ. ಈ ಕಾಲೇಜುಗಳ ಪಾಠದ ಬಹುಪಾಲು ಹೊರೆಯನ್ನು ಹೊತ್ತವರು ಅತಿಥಿ ಉಪನ್ಯಾಸಕರು. ರಾಜ್ಯದಲ್ಲಿ ಅವರ ಸಂಖ್ಯೆ ಹತ್ತು ಸಾವಿರದ ಮೇಲೆ.

'ಅತಿಥಿ' ಎಂಬ ಹೆಸರಿಗೂ ಅವರ ಪಾಡಿಗೂ ಸಂಬಂಧವಿಲ್ಲ. ಹತ್ತು, ಹದಿನೈದು ವರ್ಷ ಅದೇ ಕಪ್ಪು ಹಲಗೆಯ ಮುಂದೆ ನಿಂತವರೂ ಶೈಕ್ಷಣಿಕ ವರ್ಷ ಮುಗಿದೊಡನೆ ಹೊರಗಿನವರಾಗುತ್ತಾರೆ. ಮುಂದಿನ ವರ್ಷ ಮತ್ತೆ ಅರ್ಜಿ, ಮತ್ತೆ ಅಂಕಗಳ ಲೆಕ್ಕ, ಮತ್ತೆ ಕೌನ್ಸೆಲಿಂಗ್. 2022ರ ಜನವರಿಯವರೆಗೆ ಅವರಿಗೆ ತಿಂಗಳಿಗೆ ಸಿಗುತ್ತಿದ್ದ ಗೌರವಧನ 11 ರಿಂದ 13 ಸಾವಿರ ರೂಪಾಯಿ. ಮುಷ್ಕರ ನಡೆದ ಮೇಲೆ ಸರ್ಕಾರ ಅದನ್ನು ಅರ್ಹತೆ ಮತ್ತು ಅನುಭವಕ್ಕೆ ತಕ್ಕಂತೆ 26 ರಿಂದ 32 ಸಾವಿರಕ್ಕೆ ಏರಿಸಿತು. ಜೊತೆಗೆ ವಾರದ ಪಾಠದ ಅವಧಿಯನ್ನೂ ಹೆಚ್ಚಿಸಿ 15 ಗಂಟೆ ಮಾಡಿತು. ಒಬ್ಬರಿಗೆ ಹೆಚ್ಚು ಗಂಟೆ ಸಿಕ್ಕಾಗ ಇನ್ನೊಬ್ಬರಿಗೆ ಗಂಟೆಯೇ ಇಲ್ಲದಂತಾಗುವುದು ಸರಳ ಲೆಕ್ಕ. ಕೆಲಸ ಕಳೆದುಕೊಂಡವರ ಕಣ್ಣೀರು ಬೇರೆ ಕಥೆ. 2023ರ ನವೆಂಬರಿನಲ್ಲಿ ಸೇವಾಭದ್ರತೆ ಕೇಳಿ ಅವರು ಮತ್ತೆ ತರಗತಿ ಬಹಿಷ್ಕರಿಸಿದರು. ಮುಷ್ಕರ ಹೊಸ ವರ್ಷಕ್ಕೂ ಮುಂದುವರಿಯಿತು.

ಮೇಷ್ಟ್ರ ಬೇಡಿಕೆ ನ್ಯಾಯವಾದದ್ದೇ. ಆದರೆ ಅಷ್ಟು ದಿನ ಬೆಂಚಿನ ಮೇಲೆ ಸುಮ್ಮನೆ ಕೂತವರು ವಿದ್ಯಾರ್ಥಿಗಳು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಮಾತು ಇಲ್ಲಿಗೆ ಸರಿಯಾಗಿ ಒಪ್ಪುತ್ತದೆ. ಮುಷ್ಕರವಿಲ್ಲದ ವರ್ಷದಲ್ಲೂ ಆಯ್ಕೆ ಪಟ್ಟಿ ಹೊರಬೀಳುವುದು ತಡವಾದರೆ ಹದಿನಾರು ವಾರದ ಸೆಮಿಸ್ಟರಿನಲ್ಲಿ ಮೊದಲ ನಾಲ್ಕೈದು ವಾರ ಹೀಗೆಯೇ ಕಳೆದುಹೋಗುತ್ತದೆ. ಆಮೇಲೆ ಬಂದ ಮೇಷ್ಟ್ರು ಪಾಠವನ್ನು ಓಡಿಸುತ್ತಾರೆ. ಪರೀಕ್ಷೆಯ ದಿನಾಂಕ ಮಾತ್ರ ಯಾರಿಗೂ ಕಾಯುವುದಿಲ್ಲ.

ಕಾಯಂ ಉಪನ್ಯಾಸಕರ ಕಡೆಯಿಂದಲೂ ಒಂದು ಮಾತು ಹೇಳಬೇಕು. ಇಡೀ ವಿಭಾಗಕ್ಕೆ ಒಬ್ಬರೇ ಇದ್ದಲ್ಲಿ ಅವರೇ ಪರೀಕ್ಷಾ ಮೇಲ್ವಿಚಾರಕರು, ಅವರೇ ನ್ಯಾಕ್ ಕಡತದ ಉಸ್ತುವಾರಿ, ಚುನಾವಣೆ ಬಂದರೆ ಅದರ ತರಬೇತಿಗೂ ಅವರೇ. ಪಾಠಕ್ಕೆ ಸಿದ್ಧರಾಗುವ ಸಮಯವನ್ನು ಕಾಗದಗಳು ನುಂಗಿದರೆ ತಪ್ಪು ಅವರೊಬ್ಬರದೇ ಅಲ್ಲ.

ಅಣ್ಣನ ಪುಸ್ತಕ ತಂಗಿಗಿಲ್ಲ

ಇದರ ಮೇಲೆ ಪಠ್ಯಕ್ರಮದ ಬದಲಾವಣೆ. 2020ರಲ್ಲಿ ಪದವಿಗೆ ಸೇರಿದವರು ಮೂರು ವರ್ಷದ ಹಳೆಯ ಕ್ರಮದಲ್ಲಿ ಓದಿದರು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಎಲ್ಲರಿಗಿಂತ ಮೊದಲು ಜಾರಿಗೆ ತಂದ ರಾಜ್ಯ ತಾನೆಂದು ಕರ್ನಾಟಕ ಹೇಳಿಕೊಂಡಿತು. ಆ ವರ್ಷ ಸೇರಿದವರಿಗೆ ನಾಲ್ಕು ವರ್ಷದ ಆನರ್ಸ್, ಬೇಕಾದಲ್ಲಿ ಮೂರಕ್ಕೆ ಹೊರಬರುವ ಅವಕಾಶ, ಮುಕ್ತ ಆಯ್ಕೆಯ ವಿಷಯಗಳು, ಕೌಶಲದ ಪತ್ರಿಕೆಗಳು. ಸರ್ಕಾರ ಬದಲಾಯಿತು. ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಆಧಾರದ ಮೇಲೆ 2024ರ ಮೇ ತಿಂಗಳಲ್ಲಿ ಆದೇಶ ಹೊರಟು, 2024-25ರಿಂದ ಮತ್ತೆ ಮೂರು ವರ್ಷದ ಪದವಿ ಬಂತು.

ಯಾವ ನೀತಿ ಒಳ್ಳೆಯದು ಎಂಬ ಚರ್ಚೆ ತಜ್ಞರಿಗಿರಲಿ. ಮನೆಯೊಂದರಲ್ಲಿ ಅದು ಹೇಗೆ ಕಾಣುತ್ತದೆ ನೋಡಿ. 2020ರಲ್ಲಿ ಸೇರಿದ ಅಣ್ಣ, 2022ರಲ್ಲಿ ಸೇರಿದ ಅಕ್ಕ, 2024ರಲ್ಲಿ ಸೇರಿದ ತಂಗಿ ಮೂವರೂ ಒಂದೇ ಕಾಲೇಜಿನಲ್ಲಿ ಒಂದೇ ಬಿ.ಎಸ್ಸಿ. ಓದಿದ್ದರೂ ಮೂವರ ಪಠ್ಯಕ್ರಮ ಬೇರೆ, ಅಂಕಗಳ ಹಂಚಿಕೆ ಬೇರೆ. ಅಣ್ಣನ ಪುಸ್ತಕ ತಂಗಿಗೆ ಬಾರದು. ಬಡವರ ಮನೆಯಲ್ಲಿ ಇದು ಚಿಕ್ಕ ನಷ್ಟವಲ್ಲ. ಕಾಲೇಜಿನ ಒಳಗೆ ಒಂದೇ ಹೊತ್ತಿನಲ್ಲಿ ಎರಡು ಪದ್ಧತಿ ನಡೆಯುತ್ತಿರುತ್ತದೆ. ಹಳೆಯ ಪದ್ಧತಿಯ ಒಂದು ಪತ್ರಿಕೆ ಬಾಕಿ ಉಳಿಸಿಕೊಂಡವನಿಗೆ ಪಾಠ ಹೇಳುವವರು ಯಾರು, ಮಾದರಿ ಪ್ರಶ್ನೆಪತ್ರಿಕೆ ಕೊಡುವವರು ಯಾರು ಎಂಬುದಕ್ಕೆ ಖಚಿತ ಉತ್ತರ ಸಿಗುವುದು ಕಷ್ಟ.

ಉತ್ತರ ಮೊದಲು, ಪ್ರಯೋಗ ಆಮೇಲೆ

ವಿಜ್ಞಾನದ ವಿದ್ಯಾರ್ಥಿಗಳ ಅಸಮಾಧಾನಕ್ಕೆ ಇನ್ನೊಂದು ಕಾರಣ ಪ್ರಯೋಗಾಲಯ. ಒಂದು ಸ್ಪೆಕ್ಟ್ರೋಮೀಟರಿನ ಸುತ್ತ ಐದಾರು ಮಂದಿ ನಿಂತರೆ ಕಣ್ಣಿಟ್ಟು ನೋಡುವವನು ಒಬ್ಬ, ಬರೆದುಕೊಳ್ಳುವವರು ಉಳಿದವರು. ಬಾರ್ ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯುವ ಪ್ರಯೋಗದಲ್ಲಿ ಉತ್ತರ ಸುಮಾರು 9.8 ಬರಬೇಕೆಂಬುದು ಹೈಸ್ಕೂಲಿನಿಂದಲೇ ಗೊತ್ತು. ಲೋಲಕ ತೂಗಲು ಸಮಯವಿಲ್ಲ, ನಿಲ್ಲುಗಡಿಯಾರ ಸರಿಯಿಲ್ಲ. ಉತ್ತರ ಮೊದಲು ಬರೆದು, ಅದಕ್ಕೆ ಹೊಂದುವ ಆಂದೋಲನದ ಸಮಯವನ್ನು ಹಿಂದಿನಿಂದ ಲೆಕ್ಕಹಾಕಿ ತುಂಬಿದರೆ ರೆಕಾರ್ಡ್ ಪುಸ್ತಕ ಚೆಂದವಾಗಿ ಮುಗಿಯುತ್ತದೆ. ಕೆಂಪು ಶಾಯಿಯ ಸಹಿಯೂ ಬೀಳುತ್ತದೆ.

ಇದರಿಂದಾಗುವ ಹಾನಿ ಎಂಥದ್ದು? ಅಳತೆಯಲ್ಲಿ ತಪ್ಪು ಬರುವುದು ಸಹಜ, ಆ ತಪ್ಪು ಎಲ್ಲಿಂದ ಬಂತೆಂದು ಹುಡುಕುವುದೇ ವಿಜ್ಞಾನ. 9.8ರ ಬದಲು 9.4 ಬಂದಾಗ ಹುಡುಗ ಗೆಳೆಯರೊಡನೆ ಕೂತು ಯೋಚಿಸಿದ್ದರೆ ಒಂದು ಪಾಠ ಕಲಿಯುತ್ತಿದ್ದ. ಉತ್ತರ ಮೊದಲೇ ಬರೆದವನು ಕಲಿತದ್ದು ಒಂದೇ: ಕಾಗದ ಸರಿಯಿದ್ದರೆ ಸಾಕು. ಮುಂದೆ ಔಷಧ ಕಾರ್ಖಾನೆಯ ಗುಣಮಟ್ಟ ಪರೀಕ್ಷೆಯ ಕೆಲಸಕ್ಕೆ ಸಂದರ್ಶನಕ್ಕೆ ಹೋದಾಗ, ಟೈಟ್ರೇಷನ್ನಿನಲ್ಲಿ ಬ್ಯುರೆಟ್ ಓದುವುದು ಹೇಗೆ ಎಂದು ಕೇಳಿದರೆ ಅವನ ಅಂಕಪಟ್ಟಿ ಉತ್ತರ ಕೊಡಲಾರದು. ಕಾಲೇಜಿನ ಬಗೆಗಿನ ಕಹಿ ಅವನಿಗೆ ನಿಜವಾಗಿ ತಟ್ಟುವುದು ಅಂದು.

ಮೂರು ಬಾಗಿಲು, ಮೂರೂ ಮುಚ್ಚಿವೆ

ಆಡಳಿತದ ಕಥೆ ಇದಕ್ಕಿಂತ ತೊಡಕಿನದು. ಪ್ರವೇಶದಿಂದ ಫಲಿತಾಂಶದವರೆಗೆ ಎಲ್ಲವೂ ಒಂದೇ ಕಡೆ ಸಿಗಲಿ ಎಂಬ ಸದುದ್ದೇಶದಿಂದ 2021-22ರಲ್ಲಿ ರಾಜ್ಯದ ವಿಶ್ವವಿದ್ಯಾಲಯಗಳಿಗೆಲ್ಲ ಯು.ಯು.ಸಿ.ಎಂ.ಎಸ್. ಎಂಬ ಏಕೀಕೃತ ಕಂಪ್ಯೂಟರ್ ವ್ಯವಸ್ಥೆ ಬಂತು. ಆಂತರಿಕ ಅಂಕ ಮತ್ತು ಹಾಜರಾತಿಯನ್ನು ತುಂಬುವುದು ಕಾಲೇಜು, ಪರೀಕ್ಷೆಯ ಅಂಕ ಸೇರಿಸುವುದು ವಿಶ್ವವಿದ್ಯಾಲಯ. ಎಲ್ಲೋ ಒಂದು ಕಡೆ ಒಂದು ಅಂಕಿ ತಪ್ಪಿತೆಂದರೆ ವಿದ್ಯಾರ್ಥಿಯ ಅಲೆದಾಟ ಆರಂಭ. ಕಾಲೇಜಿನ ಗುಮಾಸ್ತರು, 'ನಾವು ಸರಿಯಾಗಿ ಕಳಿಸಿದ್ದೇವೆ, ಯೂನಿವರ್ಸಿಟಿಗೆ ಹೋಗಿ' ಎನ್ನುತ್ತಾರೆ. ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ, 'ಕಾಲೇಜಿನಿಂದ ಪತ್ರ ತನ್ನಿ' ಎನ್ನುತ್ತಾರೆ. ಪತ್ರ ತಂದರೆ, 'ಸಾಫ್ಟ್‌ವೇರಿನಲ್ಲಿ ಅವಕಾಶ ಮುಚ್ಚಿದೆ, ತೆರೆದಾಗ ನೋಡೋಣ' ಎಂಬ ಉತ್ತರ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬುದು ಹಳೆಯ ಗಾದೆ. ಇಲ್ಲಿ ದೇವರು ಯಾರು, ಪೂಜಾರಿ ಯಾರು ಎಂಬುದೇ ತಿಳಿಯದು.

ಹಾಗೆ ಅಲೆಯುವ ಹುಡುಗಿಗೆ ಒಂದು ದಿನದ ಬಸ್ ಚಾರ್ಜು, ತಂದೆಗೆ ಒಂದು ದಿನದ ಕೂಲಿ ಖರ್ಚು. ಅಷ್ಟರಲ್ಲಿ ಬಿ.ಇಡಿ. ಅಥವಾ ಎಂ.ಎಸ್ಸಿ. ಅರ್ಜಿಯ ಕೊನೆಯ ದಿನ ಮುಗಿದರೆ ಹೋಗುವುದು ಒಂದು ವರ್ಷ. ಮದುವೆಯ ಮಾತು ಆಡುತ್ತಿರುವ ಮನೆಯಲ್ಲಿ ಆ ಒಂದು ವರ್ಷ ಮತ್ತೆ ಬಾರದೆಯೂ ಇರಬಹುದು.

ಅಂಕ ಕೈಯಲ್ಲಿರುವವರ ಮೇಲೆ ದೂರೇ?

ಇಷ್ಟೆಲ್ಲ ಆದರೂ ಬಾಯಿಬಿಡುವುದಿಲ್ಲವೇಕೆ? ಮೊದಲ ಕಾರಣ ಆಂತರಿಕ ಅಂಕ. 2021ರ ಪದ್ಧತಿಯಲ್ಲಿ ನೂರಕ್ಕೆ 40 ಅಂಕ ಕಾಲೇಜಿನ ಕೈಯಲ್ಲಿತ್ತು. ಆಮೇಲೆ ಆ ಪಾಲು ಕಡಿಮೆಯಾದರೂ ಹೆದರಿಕೆ ಕಡಿಮೆಯಾಗಲಿಲ್ಲ. ಎಷ್ಟೋ ಉಪನ್ಯಾಸಕರು ಅಂಕವನ್ನು ಸೇಡಿಗೆ ಬಳಸುವುದಿರಲಿ, ಹಾಗೆ ಯೋಚಿಸಿಯೂ ಇರಲಾರರು. ಆದರೆ ಬಳಸಬಹುದು ಎಂಬ ಭಯವೊಂದೇ ಬಾಯಿ ಕಟ್ಟಲು ಸಾಕು. 75ರಷ್ಟು ಹಾಜರಾತಿ ಇಲ್ಲವೆಂದು ಹಾಲ್ ಟಿಕೆಟ್ ತಡೆಯುವ ಅಧಿಕಾರವೂ ಅಲ್ಲೇ ಇದೆ.

ಎರಡನೆಯದು, ಎಲ್ಲರ ಪರವಾಗಿ ಮಾತಾಡುವವರಿಲ್ಲ. ಕಾಲೇಜು ಸಂಘದ ಚುನಾವಣೆಗಳಲ್ಲಿ ಹೊಡೆದಾಟ, ರಾಜಕೀಯ ಪಕ್ಷಗಳ ಕೈವಾಡ ಹೆಚ್ಚಿತೆಂದು 1989-90ರ ಸುಮಾರಿಗೆ ರಾಜ್ಯದಲ್ಲಿ ಅವು ನಿಂತವು. 2006ರಲ್ಲಿ ಲಿಂಗ್ಡೊ ಸಮಿತಿ ಖರ್ಚಿಗೆ, ವಯಸ್ಸಿಗೆ, ಹಾಜರಾತಿಗೆ ಮಿತಿ ಹಾಕಿ ಶಿಸ್ತಿನ ಚುನಾವಣೆಗೆ ದಾರಿ ತೋರಿಸಿತು. ಸುಪ್ರೀಂ ಕೋರ್ಟು ಅದನ್ನು ಒಪ್ಪಿತು. ಆದರೂ ನಮ್ಮಲ್ಲಿ ಹೆಚ್ಚಿನ ಕಾಲೇಜುಗಳಲ್ಲಿ ತರಗತಿಯ ಪ್ರತಿನಿಧಿ ಎಂದರೆ ಹೆಚ್ಚು ಅಂಕ ಪಡೆದು ಮೇಷ್ಟ್ರಿಂದ ಆಯ್ಕೆಯಾದವರೇ. ಅವರ ಕೆಲಸ ಸೀಮೆಸುಣ್ಣ ತರುವುದು, ವಾರ್ಷಿಕೋತ್ಸವಕ್ಕೆ ಚಂದಾ ಎತ್ತುವುದು.

ದಾರಿ ಕಾಗದದ ಮೇಲಿದೆ

ವಿಚಿತ್ರವೆಂದರೆ ದೂರು ಕೊಡಲು ಸ್ಪಷ್ಟವಾದ ಕಾನೂನು ಇದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಎಂದರೆ ಯು.ಜಿ.ಸಿ., ವಿದ್ಯಾರ್ಥಿಗಳ ಕುಂದುಕೊರತೆ ನಿವಾರಣೆಗೆ ಮೊದಲು 2012ರಲ್ಲಿ, ಮತ್ತೆ 2019ರಲ್ಲಿ, ಕೊನೆಗೆ 2023ರ ಏಪ್ರಿಲಿನಲ್ಲಿ ನಿಯಮಾವಳಿ ಹೊರಡಿಸಿದೆ. ಅದರ ಪ್ರಕಾರ ಪ್ರತಿ ಸಂಸ್ಥೆಯಲ್ಲೂ ಒಂದು ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ಒಬ್ಬ ಪ್ರಾಧ್ಯಾಪಕರು ಅಧ್ಯಕ್ಷರು, ನಾಲ್ವರು ಹಿರಿಯ ಅಧ್ಯಾಪಕರು ಸದಸ್ಯರು, ಒಬ್ಬ ವಿದ್ಯಾರ್ಥಿ ವಿಶೇಷ ಆಹ್ವಾನಿತ. ಸಮಿತಿಯಲ್ಲಿ ಕನಿಷ್ಠ ಒಬ್ಬ ಮಹಿಳೆ, ಕನಿಷ್ಠ ಒಬ್ಬರು ಪರಿಶಿಷ್ಟ ಜಾತಿ, ಪಂಗಡ ಅಥವಾ ಹಿಂದುಳಿದ ವರ್ಗದವರು ಇರಬೇಕು. ದೂರು ಬಂದ 15 ಕೆಲಸದ ದಿನಗಳಲ್ಲಿ ಸಮಿತಿ ವರದಿ ಕೊಡಬೇಕು.

ಅದು ಸಮಾಧಾನ ತರದಿದ್ದರೆ 15 ದಿನದೊಳಗೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್ ಅವರಿಗೆ ಮೇಲ್ಮನವಿ. ನಿವೃತ್ತ ಕುಲಪತಿ, ಆಡಳಿತದ ಅನುಭವವಿರುವ ನಿವೃತ್ತ ಪ್ರಾಧ್ಯಾಪಕ, ಇಲ್ಲವೇ ಮಾಜಿ ಜಿಲ್ಲಾ ನ್ಯಾಯಾಧೀಶರು ಈ ಸ್ಥಾನಕ್ಕೆ ಬರಬಹುದು. ಅವರು 30 ದಿನದೊಳಗೆ ಇತ್ಯರ್ಥ ಮಾಡಲು ಯತ್ನಿಸಬೇಕು. ಯಾವುದೆಲ್ಲ ದೂರಾಗುತ್ತದೆ ಎಂಬುದನ್ನೂ ನಿಯಮ ಹೇಳುತ್ತದೆ: ನಿಗದಿಗಿಂತ ಹೆಚ್ಚು ಹಣ ಕೇಳುವುದು, ಶುಲ್ಕದ ನೆಪದಲ್ಲಿ ಮೂಲ ಪ್ರಮಾಣಪತ್ರ ತಡೆಹಿಡಿಯುವುದು, ವಿದ್ಯಾರ್ಥಿವೇತನ ತಡಮಾಡುವುದು, ಪರೀಕ್ಷೆಯನ್ನೋ ಫಲಿತಾಂಶವನ್ನೋ ವೇಳಾಪಟ್ಟಿ ಮೀರಿ ಎಳೆಯುವುದು, ಮೌಲ್ಯಮಾಪನದಲ್ಲಿ ಅನ್ಯಾಯ, ಸೇರುವಾಗ ಭರವಸೆ ಕೊಟ್ಟ ಗುಣಮಟ್ಟದ ಶಿಕ್ಷಣ ಕೊಡದಿರುವುದು. ಬಸ್ ನಿಲ್ದಾಣದ ಮಾತಿನಲ್ಲಿ ಮುಕ್ಕಾಲು ಪಾಲು ಈ ಪಟ್ಟಿಯೊಳಗೇ ಬರುತ್ತದೆ.

ಮಿತಿಗಳೂ ಇವೆ. 'ನನಗೆ ಅಂಕ ಕಡಿಮೆ ಬಂತು, ಮತ್ತೆ ತಿದ್ದಿಸಿ' ಎಂದಷ್ಟೇ ಹೇಳಿದರೆ ಓಂಬುಡ್ಸ್‌ಪರ್ಸನ್ ಕೇಳುವುದಿಲ್ಲ. ಫಲಿತಾಂಶವನ್ನೇ ಬದಲಿಸುವಂಥ ನಿರ್ದಿಷ್ಟ ಅಕ್ರಮವನ್ನೋ ತಾರತಮ್ಯವನ್ನೋ ತೋರಿಸಬೇಕು. ಸುಳ್ಳು ದೂರು ಕೊಟ್ಟವರ ಮೇಲೆ ಕ್ರಮಕ್ಕೆ ಶಿಫಾರಸು ಮಾಡುವ ಅಧಿಕಾರವೂ ಅವರಿಗಿದೆ.

ಆದರೆ 2024ರ ಜೂನ್ ತಿಂಗಳಲ್ಲಿ ಯು.ಜಿ.ಸಿ.ಯೇ ಓಂಬುಡ್ಸ್‌ಪರ್ಸನ್ ನೇಮಿಸದ 157 ವಿಶ್ವವಿದ್ಯಾಲಯಗಳ ಪಟ್ಟಿ ಪ್ರಕಟಿಸಬೇಕಾಯಿತು. ನಿಯಮ ಬಂದು ಒಂದು ವರ್ಷ ಕಳೆದಿತ್ತು. ದೂರು ಕೇಳುವವರೇ ಇಲ್ಲದ ಮೇಲೆ ಗಡುವಿಗೆ ಏನರ್ಥ? ಕಾಲೇಜುಗಳಲ್ಲೂ ಸಮಿತಿಯ ಹೆಸರು ಫಲಕದ ಮೇಲೆ ಹೊಳೆಯುವುದು ನ್ಯಾಕ್ ತಂಡ ಬರುವ ವಾರದಲ್ಲಿ. ಗೋಡೆಗೆ ಸುಣ್ಣ, ಹೂಕುಂಡಕ್ಕೆ ನೀರು, ದೂರುಪೆಟ್ಟಿಗೆಗೆ ಬೀಗ ಎಲ್ಲ ಒಟ್ಟಿಗೇ ಬರುತ್ತವೆ. ಬೀಗದ ಕೈ ಯಾರಲ್ಲಿದೆ ಎಂದು ಆಮೇಲೆ ಕೇಳುವವರಿಲ್ಲ. 2017ರಲ್ಲಿ ನ್ಯಾಕ್ ತನ್ನ ಮೌಲ್ಯಾಂಕನಕ್ಕೆ ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯನ್ನೂ ಸೇರಿಸಿತು. ಕಾಲೇಜಿನ ಶ್ರೇಣಿಯೇ ತನ್ನ ಉತ್ತರದ ಮೇಲಿದೆ ಎಂದು ಗೊತ್ತಿರುವ ಹುಡುಗ, ಅದೇ ಕಾಲೇಜಿನ ಪದವಿ ಹಿಡಿದು ಕೆಲಸ ಹುಡುಕಬೇಕಾದವನು, ಏನೆಂದು ಉತ್ತರಿಸಿಯಾನು?

ಹಿಂದಿನ ಎರಡು ಪ್ರಸಂಗಗಳು

ದೂರನ್ನು ಆಡಳಿತ ಹೇಗೆ ಸ್ವೀಕರಿಸುತ್ತದೆ ಎಂಬುದರ ಮೇಲೆ ಎಷ್ಟು ನಿಂತಿದೆ ಎನ್ನುವುದಕ್ಕೆ ಬೇರೆ ಊರಿನ, ಬೇರೆ ಕಾಲದ ಎರಡು ಪ್ರಸಂಗಗಳನ್ನು ನೆನೆಯಬಹುದು.

ಮೊದಲನೆಯದು ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನದು. 1916ರ ಜನವರಿಯಲ್ಲಿ ಇತಿಹಾಸದ ಪ್ರಾಧ್ಯಾಪಕ ಓಟನ್, ಕಾರಿಡಾರಿನಲ್ಲಿ ಗದ್ದಲ ಮಾಡಿದರೆಂದು ವಿದ್ಯಾರ್ಥಿಗಳ ಮೇಲೆ ಕೈಮಾಡಿದರೆಂಬ ದೂರು ಬಂತು. ತರಗತಿಯ ಪ್ರತಿನಿಧಿಯಾಗಿದ್ದ ಸುಭಾಷ್‌ಚಂದ್ರ ಬೋಸ್ ಮೊದಲಾದವರು ಪ್ರಾಂಶುಪಾಲರ ಬಳಿ ಹೋದರು. ಪರಿಹಾರ ಸಿಗದೆ ಮುಷ್ಕರ ನಡೆಯಿತು. ಪ್ರಾಧ್ಯಾಪಕರೂ ವಿದ್ಯಾರ್ಥಿಗಳೂ ಮಾತಾಡಿ ರಾಜಿಯಾದರು. ಆದರೆ ಮುಷ್ಕರ ಹೂಡಿದ್ದಕ್ಕೆ ಹಾಕಿದ ದಂಡವನ್ನು ಪ್ರಾಂಶುಪಾಲರು ಬಿಡಲಿಲ್ಲ. ಗಾಯ ಮಾಗಲಿಲ್ಲ. ಫೆಬ್ರುವರಿಯಲ್ಲಿ ಮತ್ತೊಂದು ಘಟನೆ ನಡೆದಾಗ ಈ ಸಲ ವಿದ್ಯಾರ್ಥಿಗಳ ಗುಂಪು ಓಟನ್ನರ ಮೇಲೆಯೇ ಹಲ್ಲೆ ಮಾಡಿತು. ಕಾಲೇಜು ಮುಚ್ಚಿತು, ಆಶುತೋಷ್ ಮುಖರ್ಜಿ ಅವರ ನೇತೃತ್ವದಲ್ಲಿ ವಿಚಾರಣಾ ಸಮಿತಿ ಕೂತಿತು, ಬೋಸ್ ಹೊರಬಿದ್ದರು. ಸ್ಕಾಟಿಷ್ ಚರ್ಚ್ ಕಾಲೇಜಿನಲ್ಲಿ ಅವರಿಗೆ ಮತ್ತೆ ಪ್ರವೇಶ ಸಿಕ್ಕಿದ್ದು 1917ರಲ್ಲಿ. ಹಲ್ಲೆಯನ್ನು ಯಾರೂ ಸಮರ್ಥಿಸಲಾರರು. ಆದರೆ ಅರ್ಧ ಕೇಳಿ ಅರ್ಧ ಬಿಟ್ಟ ದೂರು ಎಲ್ಲಿಗೆ ಹೋಗಿ ಮುಟ್ಟಿತೆಂಬುದನ್ನು ನೋಡಬೇಕು.

ಎರಡನೆಯದರಲ್ಲಿ ಕನ್ನಡಿಗರೊಬ್ಬರಿದ್ದಾರೆ. 1974ರಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾದ ಗಿರೀಶ ಕಾರ್ನಾಡರ ಕಾಲದಲ್ಲಿ ಅಭಿನಯ ವಿಭಾಗದ ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ನಿರ್ದೇಶನದ ವಿದ್ಯಾರ್ಥಿಗಳು ತಯಾರಿಸುವ ಚಿತ್ರಗಳಲ್ಲಿ ತಮಗೆ ಅವಕಾಶ ಕೊಡಬೇಕೆಂಬುದು ಬೇಡಿಕೆ. ಮುಂದಾಳುಗಳಲ್ಲಿ ನಾಸಿರುದ್ದೀನ್ ಶಾ ಒಬ್ಬರು. ಮುಷ್ಕರ ಕಾರ್ನಾಡರ ಆಡಳಿತದ ವಿರುದ್ಧವೇ ಇತ್ತು. ಆದರೂ ಶ್ಯಾಮ್ ಬೆನಗಲ್ 'ನಿಶಾಂತ್' ಚಿತ್ರಕ್ಕೆ ಹೊಸ ನಟನನ್ನು ಹುಡುಕುತ್ತಿದ್ದಾಗ ನಾಸಿರುದ್ದೀನ್ ಹೆಸರು ಸೂಚಿಸಿದವರು ಇದೇ ಕಾರ್ನಾಡರು. 1975ರಲ್ಲಿ ತೆರೆಕಂಡ ಆ ಚಿತ್ರ ಭಾರತೀಯ ಸಿನಿಮಾಕ್ಕೆ ಒಬ್ಬ ದೊಡ್ಡ ನಟನನ್ನು ಕೊಟ್ಟಿತು. ಎದುರು ನಿಂತು ಮಾತಾಡಿದ ಹುಡುಗನನ್ನು ಶತ್ರುವೆಂದು ಬಗೆಯದೆ ಅವನ ಯೋಗ್ಯತೆಯನ್ನು ಬೇರೆಯಾಗಿ ತೂಗಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? ದೂರು ಕೊಟ್ಟರೆ ಅಂಕ ಹೋದೀತೆಂದು ಹೆದರುವ ನಮ್ಮ ಮಕ್ಕಳಿಗೆ ಬೇಕಾದ ಭರವಸೆ ಇಂಥದ್ದೇ.

ಮಾಡಬಹುದಾದ ಕೆಲಸ

ಖಾಲಿ ಹುದ್ದೆ ತುಂಬುವುದು, ಅತಿಥಿ ಉಪನ್ಯಾಸಕರ ಪಟ್ಟಿಯನ್ನು ತರಗತಿ ಆರಂಭವಾಗುವ ಮುನ್ನವೇ ಮುಗಿಸುವುದು, ಪಠ್ಯಕ್ರಮವನ್ನು ಕೆಲವು ವರ್ಷವಾದರೂ ನೆಮ್ಮದಿಯಿಂದ ಇರಗೊಡುವುದು ಸರ್ಕಾರದ ಕೆಲಸ. ಅದಾಗುವ ತನಕ ಕಾಲೇಜು ಕೈಕಟ್ಟಿ ಕೂರಬೇಕಿಲ್ಲ. ಪ್ರತಿ ವಿಷಯದ ಪಾಠದ ಯೋಜನೆಯನ್ನು ಸೆಮಿಸ್ಟರಿನ ಮೊದಲ ವಾರದಲ್ಲೇ ಫಲಕದ ಮೇಲೆ ಹಾಕಿದರೆ ಎಷ್ಟು ಆಗಿದೆ, ಎಷ್ಟು ಬಾಕಿ ಎಂಬುದು ಎಲ್ಲರಿಗೂ ಕಾಣುತ್ತದೆ. ಆಂತರಿಕ ಅಂಕವನ್ನು ಕಳಿಸುವ ಮೊದಲು ವಿದ್ಯಾರ್ಥಿಗೆ ತೋರಿಸಿ ಸಹಿ ಪಡೆದರೆ ಅರ್ಧ ಅಲೆದಾಟ ತಪ್ಪುತ್ತದೆ, ಭಯವೂ ಕರಗುತ್ತದೆ. ತಿಂಗಳಿಗೊಂದು ದಿನ ಪ್ರಾಂಶುಪಾಲರು ಪ್ರತಿ ತರಗತಿಯಿಂದ ಇಬ್ಬರನ್ನು, ಒಬ್ಬ ಹುಡುಗ ಒಬ್ಬ ಹುಡುಗಿಯನ್ನು, ಕರೆದು ಕೂರಿಸಿ ಕೇಳಿದರೆ ಖರ್ಚಾಗುವುದು ಒಂದು ಗಂಟೆ ಮತ್ತು ಒಂದಿಷ್ಟು ಚಹಾ.

ವಿದ್ಯಾರ್ಥಿಗಳ ಪಾಲಿಗೂ ಕೆಲಸವಿದೆ. ಬಾಯಿಮಾತಿನ ದೂರಿಗೆ ದಿನಾಂಕವಿಲ್ಲ. ಬರೆದ ದೂರಿಗೆ ಇದೆ. ಯಾವ ವಿಷಯ, ಎಷ್ಟು ತರಗತಿ ನಡೆಯಲಿಲ್ಲ, ಯಾವ ದಿನದಿಂದ ಎಂಬ ವಿವರವಿರಲಿ. ಮೇಷ್ಟ್ರ ಸ್ವಭಾವದ ಮಾತು ಬೇಡ. ಒಬ್ಬರೇ ಬರೆಯಲು ಅಂಜಿಕೆಯಾದರೆ ಇಡೀ ತರಗತಿ ಸಹಿ ಹಾಕಲಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಮೊಹರು ಹಾಕಿಸಿಕೊಳ್ಳಲಿ. ಹದಿನೈದು ದಿನದ ಗಡುವು ಎಣಿಸಲು ಆ ಮೊಹರೇ ಆಧಾರ. ಅಂಕದ ಬಗ್ಗೆ ಅನುಮಾನವಿದ್ದರೆ ಉತ್ತರಪತ್ರಿಕೆಯನ್ನು ನೋಡುವ ಹಕ್ಕು ಮಾಹಿತಿ ಹಕ್ಕು ಕಾಯ್ದೆಯಡಿ ಪರೀಕ್ಷಾರ್ಥಿಗೆ ಇದೆಯೆಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ. ಪೋಷಕರೂ ಪ್ರವೇಶದ ದಿನ ಶುಲ್ಕದ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಲಿ: 'ಈ ಕಾಲೇಜಿನ ಕುಂದುಕೊರತೆ ಸಮಿತಿಯಲ್ಲಿ ಯಾರಿದ್ದಾರೆ?' ನಾಲ್ಕು ಜನ ಕೇಳಿದರೆ ಐದನೆಯವರು ಬರುವಷ್ಟರಲ್ಲಿ ಸಮಿತಿ ಇರುತ್ತದೆ.

ದೂರು ಹೇಳುವ ವಿದ್ಯಾರ್ಥಿ ಕಾಲೇಜಿನ ಮೇಲೆ ಇನ್ನೂ ನಂಬಿಕೆ ಇಟ್ಟವನು. ನಂಬಿಕೆ ಹೋದವನು ದೂರುವುದಿಲ್ಲ. ಹಾಜರಿ ಹಾಕಿಸಿ, ಗೈಡು ಕೊಂಡು, ಪಾಸಾಗಿ ಹೊರಟುಹೋಗುತ್ತಾನೆ. ಯಾವ ಗದ್ದಲವೂ ಇಲ್ಲದ ಕಾಲೇಜನ್ನು ಕಂಡು ಆಡಳಿತ ಸಂತೋಷಪಡುವ ಮುನ್ನ, ಆ ಮೌನ ಯಾವ ಬಗೆಯದು ಎಂದು ಒಮ್ಮೆ ವಿಚಾರಿಸುವುದು ಒಳ್ಳೆಯದು.